ಮೂಗಿಗೊಂದು ತೋಟ

"ಎರಡನ್ನೂ ಮೂಸಿ ನೋಡಿ ಅಮ್ಮಾ, ಯಾವುದು ಬೇಕೋ ನಿಮ್ಮ ಮೂಗೇ ಹೇಳುತ್ತೆ" ಎಂದು ನರ್ಸರಿಯವನು ಎರಡು ಕೈಯಲ್ಲೂ ಒಂದೊಂದು ಗಿಡ ಹಿಡಿದು ನಿಂತಾಗ ಅವಳಿಗೆ ಬಗ್ಗದೆ ವಿಧಿಯಿರಲಿಲ್ಲ. ಎರಡರಲ್ಲೂ ಬಿಳಿ ಹೂ, ಎರಡರಲ್ಲೂ ತಿಳಿಹಸಿರು ತೊಟ್ಟಿನ ಮೊಗ್ಗು. ಮೊದಲು ಬಲಗೈಯದಕ್ಕೆ ಬಗ್ಗಿ, ಕಣ್ಣು ಮುಚ್ಚಿ, ಚಿಕ್ಕದೊಂದು ಉಸಿರು, ಆಮೇಲೆ ಉದ್ದದೊಂದು ಉಸಿರು ಎಳೆದುಕೊಂಡಳು; ಹದಿನೇಳು ವರ್ಷ ಹಾಲಿನ ಕ್ಯಾನುಗಳ ಮೇಲೆ ಬಗ್ಗಿ ಬಗ್ಗಿ ಬೆನ್ನಿಗೂ ಕತ್ತಿಗೂ ಬಾಯಿಪಾಠವಾಗಿದ್ದ ಕೆಲಸ. ಮೂಗಿನೊಳಗೆ ಹೋದದ್ದು ಬರೀ ಗಾಳಿ. ಎಡಗೈಯದಕ್ಕೂ ಬಗ್ಗಿದಳು. ಅದೇ ಗಾಳಿ. ಬೇಗ ಹೇಳಿದರೆ ನಂಬುವುದಿಲ್ಲ, ತಡಮಾಡಿದರೆ ಅನುಮಾನ ಬರುತ್ತದೆ. ಎಷ್ಟು ಹೊತ್ತು ತಲೆ ಬಗ್ಗಿಸಿರಬೇಕು ಎನ್ನುವುದನ್ನು ಅವಳು ಈ ಹನ್ನೊಂದು ವಾರಗಳಲ್ಲಿ ಚೆನ್ನಾಗಿ ಕಲಿತಿದ್ದಳು. ತಲೆಯೆತ್ತಿ ಬಲಗೈಯ ಗಿಡ ತೋರಿಸಿ, "ಇದೇ. ಆಹಾ, ಏನು ಘಮ!" ಎಂದಳು. ಗೊಬ್ಬರದ ಚೀಲಗಳ ಹತ್ತಿರ ನಿಂತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ನರ್ಸರಿಯವನು ನಕ್ಕುಬಿಟ್ಟ. "ಅದು ಕಾಕಡ ಅಲ್ವೇನಮ್ಮಾ! ಅದಕ್ಕೆ ಘಮ ಇದ್ದಿದ್ರೆ ಮಲ್ಲಿಗೆ ಹೊಟ್ಟೆಗೆ ಹಿಟ್ಟಿಲ್ಲದೆ ಸಾಯ್ತಿತ್ತು." ಹೆಂಗಸರೂ ನಕ್ಕರು, ಕೆಟ್ಟ ಬುದ್ಧಿಯಿಂದೇನಲ್ಲ, ಬಸ್ಸಿನಲ್ಲಿ ಯಾರಾದರೂ ಮುಗ್ಗರಿಸಿದಾಗ ನಗುವ ಹಾಗೆ. ಅವಳ ಕಿವಿ ಬಿಸಿಯಾಯಿತು. "ಗೊತ್ತು" ಎಂದಳು. "ನಂಗೆ ಕಾಕಡಾನೇ ಬೇಕಾಗಿತ್ತು." ಅವನು ನಗು ನುಂಗಿಕೊಂಡು ಆ ಗಿಡವನ್ನು ಅವಳ ಕಾಲ ಬಳಿ ಇಟ್ಟ. ಹೀಗೆ, ಯಾರಿಗೂ ಬೇಡದ ಒಂದು ಗಿಡ ಮೊಟ್ಟಮೊದಲು ಅವಳ ಪಾಲಿಗೆ ಬಂತು.

ಅತ್ತೆ ಕೇಳಿದ್ದು ವಾಸನೆಯ ಗಿಡಗಳನ್ನು. "ಬಣ್ಣ ಕಟ್ಕೊಂಡು ನಂಗೇನಾಗ್ಬೇಕಿದೆ? ಮೂಗಿಗೊಂದು ತೋಟ ಮಾಡೋಣ" ಎಂದು ಮೊನ್ನೆ ಮೆಟ್ಟಿಲ ಮೇಲೆ ಕೂತು ಅಂದಿದ್ದರು, ಎರಡು ವರ್ಷದಿಂದ ಅಂಗಳದ ಮಾತೇ ಎತ್ತದಿದ್ದವರು. ಕಣ್ಣಿದ್ದಾಗ ಆ ಅಂಗಳ ಅವರದಾಗಿತ್ತು. ಕಣ್ಣು ಹೋದ ಮೇಲೆ ಒಂದೊಂದೇ ಗಿಡ ಒಣಗಿ, ಕೊನೆಗೆ ಬಟ್ಟೆ ಒಣಹಾಕುವ ತಂತಿಯೊಂದು ಉಳಿದಿತ್ತು. ಅವಳು ನೀರು ಹಾಕಬಹುದಿತ್ತು. ಬೆಳಗಿನ ಪಾಳಿ, ಮನೆಗೆಲಸ, ಅದೂ ಇದೂ. ನಾಳೆ ಹಾಕಿದರಾಯಿತು ಎನ್ನುತ್ತ ಒಂದು ಬೇಸಿಗೆ ಕಳೆದಿತ್ತು. "ನಮ್ಮದು ಸುಣ್ಣದ ನೆಲ, ಬಾವಿ ನೀರು ಉಪ್ಪು" ಎಂದು ಅತ್ತೆ ಬೆರಳು ಮಡಿಸುತ್ತ ಹೇಳಿದ್ದರು. "ಆಸೆ ಬಿದ್ದಿದ್ದನ್ನ ತರ್ಬೇಡ, ಬದುಕೋದನ್ನ ತಾ. ಬದುಕಿದ್ದರ ಮೇಲೆ ಆಸೆ ತಾನಾಗೇ ಬರುತ್ತೆ. ತಗೊಳ್ಳೋ ಮುಂಚೆ ಮೂಸಿ ನೋಡು, ಅವರು ಹೇಳಿದ್ದನ್ನ ನಂಬ್ಬೇಡ. ನಿನ್ನ ಮೂಗಿನ ಮುಂದೆ ಯಾರ ಆಟ ನಡೆಯುತ್ತೆ!" ಹೌದು, ಅವಳ ಮೂಗು. ಹಾಲಿನ ಕೇಂದ್ರದಲ್ಲಿ ಅವಳಿಗೆ ಮೂಗಮ್ಮ ಎಂದೇ ಹೆಸರು. ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಬಗ್ಗಿದರೆ ಸಾಕು, ಹುಳಿ ತಿರುಗಿದೆಯೋ, ಹಸು ಕಹಿ ಸೊಪ್ಪು ಮೇದಿದೆಯೋ, ಕ್ಯಾನು ಸರಿಯಾಗಿ ತೊಳೆದಿಲ್ಲವೋ ಎಲ್ಲ ಹೇಳುತ್ತಿದ್ದಳು. ಲ್ಯಾಬಿನ ಸಾರ್ ಹೊಸಬರಿಗೆಲ್ಲ ಅವಳನ್ನು ತೋರಿಸಿ, "ಈ ಮೂಗು ಇರೋವಾಗ ನಮ್ಮ ಟ್ಯೂಬು, ಬರ್ನರು ಯಾಕ್ರೀ" ಎನ್ನುತ್ತಿದ್ದರು. ಆಮೇಲೆ ಒಂದು ಜ್ವರ, ಒಂದು ನೆಗಡಿ ಬಂತು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಅವಳು ಬೆಳಿಗ್ಗೆ ಎದ್ದ ಕೂಡಲೇ ಸೋಪನ್ನು ಮೂಗಿಗೆ ಹಿಡಿದು ನೋಡುತ್ತಿದ್ದಳು. ಸೋಪು ಕಲ್ಲಿನ ಹಾಗಿರುತ್ತಿತ್ತು.

"ಗುಲಾಬಿ ಮಾತ್ರ ಕೇಳ್ಬೇಡಿ" ಎನ್ನುತ್ತಿದ್ದ ನರ್ಸರಿಯವನು, ಅವಳ ನೆಲ ನೀರಿನ ವಿಷಯ ಕೇಳಿಕೊಂಡು, ಮುಂದೆ ಮುಂದೆ ನಡೆಯುತ್ತ. "ಉಪ್ಪುನೀರಿಗೆ ಎಲೆ ಅಂಚು ಸುಟ್ಟ ಹಾಗಾಗುತ್ತೆ. ಸಂಪಿಗೆ ನಿಮ್ಮ ಅಂಗಳಕ್ಕೆ ದೊಡ್ಡದಾಯ್ತು. ದುಂಡುಮಲ್ಲಿಗೆ ಹಾಕಿ, ಬಿಸಿಲಿದ್ರೆ ಅದಕ್ಕೆ ಏನೂ ಬೇಡ. ಸುಗಂಧರಾಜದ ಗೆಡ್ಡೆ ಒಂದು ಡಜನ್ ಕೊಡ್ತೀನಿ, ನೆಲದಲ್ಲಿ ಮರೆತುಬಿಟ್ರೂ ಅದು ನಿಮ್ಮನ್ನ ಮರೆಯಲ್ಲ. ಪಾರಿಜಾತ ಅಂತೂ ಕಲ್ಲಿನ ಮೇಲೂ ಬರುತ್ತೆ. ದವನ ಒಂದು ಕುಂಡದಲ್ಲಿ. ನೋಡಿ, ಎಲೆ ತಿಕ್ಕಿ ನೋಡಿ." ಅವಳು ತಿಕ್ಕಿದಳು, ಬೆರಳನ್ನು ಮೂಗಿಗೆ ಹಿಡಿದಳು, ಈ ಸಲ ಏನೂ ಹೇಳದೆ ತಲೆಯಾಡಿಸಿದಳು. ಅವನು ತನ್ನನ್ನು ಗಮನಿಸುತ್ತಿದ್ದಾನೆ ಅನ್ನಿಸಿತು. ಇವನ ತಂಗಿಯೋ ಷಡ್ಡಕನೋ ಕೇಂದ್ರಕ್ಕೆ ಹಾಲು ಹಾಕುತ್ತಿದ್ದರೆ? ಹಾಲಿನ ಮೂಗಮ್ಮನಿಗೆ ಕಾಕಡಕ್ಕೂ ಮಲ್ಲಿಗೆಗೂ ವ್ಯತ್ಯಾಸ ತಿಳಿಯಲಿಲ್ಲ ಎಂದು ಇವತ್ತು ಸಂಜೆ ಯಾವುದಾದರೂ ಜಗಲಿಯಲ್ಲಿ ಮಾತಾಗಿ, ನಾಳೆ ಬೆಳಿಗ್ಗೆ ಕ್ಯಾನುಗಳ ಸಾಲಿನಲ್ಲಿ ಒಬ್ಬರು ಇನ್ನೊಬ್ಬರ ಕಿವಿಗೆ ಬಾಯಿಟ್ಟು, ಆಮೇಲೆ ಎರಡು ಹಸುವಿನವಳು ಅದನ್ನು ಕೇಳಿ... ಬೆಳಗಿನಿಂದ ಒತ್ತಿ ಹಿಡಿದಿದ್ದ ಆ ಮುಖ ಗಿಡಗಳ ಸಾಲಿನ ನಡುವೆ ಎದ್ದು ನಿಂತಿತು. ಅವಳಿಗೆ ಇರುವುದು ಎರಡೇ ಹಸು, ಅದಕ್ಕೇ ಆ ಹೆಸರು. ದಿನಕ್ಕೊಂದು ಕ್ಯಾನು, ಅದೂ ಮುಕ್ಕಾಲು. ಇವತ್ತು ಇಪ್ಪತ್ತು ನಿಮಿಷ ತಡವಾಗಿ, ಬೆವರುತ್ತ, ಕಣ್ಣಲ್ಲಿ ಗಾಬರಿ ಇಟ್ಟುಕೊಂಡು ಬಂದಿದ್ದಳು. ಹೋದ ವಾರ ಯಾರದೋ ಹುಳಿ ಕ್ಯಾನು ಮೂಗಮ್ಮನ ಮೂಗಿನಡಿ ದಾಟಿ ಹೋಗಿ ಇಡೀ ಟ್ಯಾಂಕಿನ ಹಾಲು ಒಡೆದಿತ್ತು. ಅಂದಿನಿಂದ ಅವಳು ಮೂಗಿನ ಬದಲು ಮುಖ ನೋಡಿ ಹಾಲು ತೂಗತೊಡಗಿದ್ದಳು. ಗಾಬರಿಯ ಮುಖ ಕಂಡರೆ ಹಾಲು ಕೆಟ್ಟಿರಬೇಕು. "ಇದು ಬೇಡ, ವಾಸನೆ ಇದೆ" ಎಂದಿದ್ದಳು. ಎರಡು ಹಸುವಿನವಳು ಕ್ಯಾನಿಗೆ ತಾನೇ ಬಗ್ಗಿ, ಎದ್ದು, ಮತ್ತೆ ಬಗ್ಗಿ, "ಅಕ್ಕಾ, ನಂಗೇನೂ ಬರ್ತಿಲ್ವಲ್ಲ, ನೀವೇ ಇನ್ನೊಂದ್ಸಲ ನೋಡಿ" ಎಂದಳು. ಅವಳು ನೋಡಿದಳು. ಅದೇ ಚಿಕ್ಕ ಉಸಿರು, ಅದೇ ಉದ್ದ ಉಸಿರು. "ಇದೆ" ಎಂದಳು. ಆಗ ಆ ಹೆಂಗಸು ಜಗಳವಾಡಬಹುದಿತ್ತು, ಟೆಸ್ಟ್ ಮಾಡಿಸಿ ಎನ್ನಬಹುದಿತ್ತು. ಅದನ್ನು ಬಿಟ್ಟು ತನ್ನ ಮೂಗನ್ನೇ ಸೆರಗಿನಿಂದ ಒರೆಸಿಕೊಂಡು, "ನಂಗೆ ನೆಗಡಿ ಇರ್ಬೇಕು, ನೀವು ಹೇಳಿದ್ಮೇಲೆ ಸುಳ್ಳಾಗುತ್ತಾ" ಎಂದು ಕ್ಯಾನನ್ನು ತಾನೇ ಎತ್ತಿ ಮೋರಿಗೆ ಬಗ್ಗಿಸಿದಳು. ಬಿಳಿ ಹಾಲು ಕರಿ ಮೋರಿಯಲ್ಲಿ ನಿಧಾನವಾಗಿ ಹರಿದು ಹೋಗುವುದನ್ನು ಇಬ್ಬರೂ ನಿಂತು ನೋಡಿದ್ದರು.

ಆಟೋದಲ್ಲಿ ಗಿಡಗಳು ಅವಳ ಮೊಣಕಾಲಿಗೆ ಒರಗಿಕೊಂಡು ಅಲ್ಲಾಡುತ್ತಿದ್ದವು. ಅತ್ತೆಗೆ ಹೇಳಿಬಿಡಬೇಕು ಎಂದು ಅವಳು ಹನ್ನೊಂದು ವಾರದಿಂದ ದಿನಕ್ಕೊಂದು ಸಲವಾದರೂ ಅಂದುಕೊಂಡಿದ್ದಳು. ಕಣ್ಣಿಲ್ಲದವರ ಮುಂದೆ ನನಗೆ ವಾಸನೆ ಬರುವುದಿಲ್ಲ ಎಂದು ಹೇಗೆ ಅಳುವುದು? ಕಾಲು ಕಳೆದುಕೊಂಡವರಿಗೆ ಚಪ್ಪಲಿ ಕಚ್ಚುತ್ತಿದೆ ಎಂದ ಹಾಗೆ. ಅಷ್ಟೇ ಆಗಿದ್ದರೆ ಹೇಗೋ ಹೇಳುತ್ತಿದ್ದಳೇನೋ. ಮೂರು ವರ್ಷದ ಹಿಂದೆ ಅತ್ತೆ, "ದೀಪದ ಸುತ್ತ ಬಣ್ಣದ ಬಳೆ ಕಾಣುತ್ತೆ ಕಣೇ" ಎಂದಾಗ ಅವಳು ಚಪಾತಿ ಲಟ್ಟಿಸುತ್ತ, "ಕನ್ನಡಕ ಒರೆಸ್ಕೊಳ್ಳಿ ಅತ್ತೆ" ಎಂದಿದ್ದಳು. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡಾಗ, "ನೋಡ್ಕೊಂಡು ನಡೀಬಾರ್ದಾ" ಎಂದಿದ್ದಳು. ಆಸ್ಪತ್ರೆಗೆ ಹೋಗೋಣ ಎಂದರೆ ರಜೆ ಇಲ್ಲ, ರಜೆ ಸಿಕ್ಕಾಗ ಹೋಗೋಣ. ಬಸ್ ಓಡಿಸುವ ಗಂಡನಿಗೆ ಅವಳಿಗಿಂತ ರಜೆ ಕಡಿಮೆ. ಅವನು ಎಲ್ಲವನ್ನೂ ಅವಳಿಗೆ ಬಿಟ್ಟಿದ್ದ. ರಜೆ ಸಿಕ್ಕಿ ಹೋದಾಗ ಕಣ್ಣಿನ ಡಾಕ್ಟರು ಅತ್ತೆಯನ್ನು ಒಳಗೆ ಕೂರಿಸಿ ಅವಳನ್ನು ಮಾತ್ರ ವರಾಂಡಕ್ಕೆ ಕರೆದು ಒಂದು ಮಾತು ಹೇಳಿದ್ದರು. ಅವಳು ಒಳಗೆ ಹೋಗಿ ಬೇರೆ ಮಾತು ಹೇಳಿದ್ದಳು. ಆ ಎರಡು ಮಾತುಗಳ ನಡುವಿನ ಹತ್ತು ಹೆಜ್ಜೆಯನ್ನು ಅವಳು ಇವತ್ತಿಗೂ ನಡೆಯುತ್ತಿದ್ದಳು. ಈಗ ಮೂಗು ಹೋದದ್ದನ್ನು ಹೇಳಿದರೆ ಅತ್ತೆ ಮೊದಲು ಕೇಳುವುದು, "ಡಾಕ್ಟರ್ ಹತ್ರ ಹೋದ್ಯಾ?" ಎಂದೇ. ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದವಳು ಮೊದಲು ಟೀಗೆ ನೀರಿಟ್ಟು, ಆಮೇಲೆ ಗಿಡಗಳನ್ನು ಒಂದೊಂದಾಗಿ ಮೆಟ್ಟಿಲಿಗೆ ತಂದಿಟ್ಟಳು. ಅತ್ತೆ ಕೂತಲ್ಲಿಂದಲೇ ಕೈ ಚಾಚಿ ಎಲೆಗಳನ್ನು ಮುಟ್ಟುತ್ತ, ಮೊಮ್ಮಕ್ಕಳ ತಲೆ ಎಣಿಸುವ ಹಾಗೆ ಹೇಳುತ್ತ ಹೋದರು. "ದುಂಡುಮಲ್ಲಿಗೆ, ಎರಡು. ಚೆನ್ನಾಗಿದೆ, ಬುಡ ದಪ್ಪ ಇದೆ. ಇದು ಪಾರಿಜಾತ, ಮರಳು ಕಾಗದದ ಹಾಗೆ ಇದೆ ನೋಡು ಎಲೆ. ದವನ, ಅದು ಮುಟ್ಟೋ ಮುಂಚೇನೇ ಮೂಗಿಗೆ ಬಂತು." ಕಾಕಡದ ಎಲೆಯ ಮೇಲೆ ಬೆರಳು ನಿಂತಿತು. ಹಿಂದಕ್ಕೆ ಸವರಿದರು, ಮುಂದಕ್ಕೆ ಸವರಿದರು. "ಇದರ ಮೈಮೇಲೆ ನವಿರು ಕೂದಲಿದೆಯಲ್ಲ. ಕಾಕಡ. ಇದನ್ನ ಯಾಕೆ ತಂದೆ?" "ನೋಡೋಕೆ ಚೆನ್ನಾಗಿತ್ತು ಅತ್ತೆ" ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು. ಅತ್ತೆ, "ಹೌದಾ" ಎಂದರು, ಅಷ್ಟೇ. ಅವಳು ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋದಳು. ನೀರು ಕುದಿಯುತ್ತಿರಲಿಲ್ಲ. ಒಲೆ ಆರಿತ್ತು, ನಾನೇ ಆರಿಸಿದ್ದೆನೇನೋ, ಈಗೀಗ ಏನೂ ನೆನಪಿರುವುದಿಲ್ಲ ಎಂದುಕೊಂಡು ಲೈಟರ್‌ಗೆ ಕೈ ಹಾಕಿದಳು.

"ಹಚ್ಚಬೇಡ!"

ಅತ್ತೆಯ ಅಂಥ ದನಿಯನ್ನು ಅವಳು ಈ ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ. ಗೋಡೆ ಸವರುತ್ತ, ಚೌಕಟ್ಟಿಗೆ ಭುಜ ತಾಗಿಸಿಕೊಂಡು, ಅತ್ತೆ ಒಳಗೆ ಬಂದರು. ಅವಳನ್ನು ಪಕ್ಕಕ್ಕೆ ಸರಿಸಿ ಒಲೆಯ ತಿರುಗಣೆ ಹುಡುಕಿ ಮುಚ್ಚಿದರು, ಕಿಟಕಿಯ ಚಿಲಕ ಹುಡುಕಿ ತೆರೆದರು. ಅವಳು ಲೈಟರನ್ನು ಕೆಳಗಿಟ್ಟಳು. ಬಾಗಿಲಿಂದ ಬಂದ ಗಾಳಿಗೆ ಉರಿ ಆರಿ, ಗ್ಯಾಸು ಎಷ್ಟು ಹೊತ್ತಿನಿಂದ ಅವಳ ಸುತ್ತ ತುಂಬಿತ್ತೋ. ಅವಳಿಗೆ ಅಲ್ಲಿದ್ದದ್ದು ಬರೀ ಅಡುಗೆಮನೆ.

"ಇದು ಮೂರನೇ ಸಲ" ಎಂದರು ಅತ್ತೆ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು. "ಮೊದಲನೇ ಸಲ ಮರೆವು ಅಂದ್ಕೊಂಡೆ. ಆಮೇಲೆ ಒಂದಿನ ನೀನು ಕೆಟ್ಟಿದ್ದ ಹಾಲನ್ನ ಲೋಟಕ್ಕೆ ಹಾಕಿ ಕೊಟ್ಟೆ. ಹಾಲಿನ ಕೇಂದ್ರದವಳು! ನಾನು ಬಚ್ಚಲಿಗೆ ಚೆಲ್ಲಿ ಕುಡಿದೆ ಅಂದೆ. ಎಷ್ಟು ದಿನ ಆಯ್ತು?"

"ಹನ್ನೊಂದು ವಾರ."

"ನನ್ನ ಮಗನಿಗೆ ಗೊತ್ತಾ?"

"ಇಲ್ಲ."

"ನಾನು ನೀನೇ ಹೇಳ್ತೀಯ ಅಂತ ಕಾದೆ. ನರ್ಸರಿಗೆ ಕಳಿಸಿದ್ರೆ ಆಗಲಾದ್ರೂ ಹೇಳ್ತೀಯ ಅಂತ ಕಳಿಸ್ದೆ. ನೋಡೋಕೆ ಚೆನ್ನಾಗಿತ್ತು ಅಂತ ಗಿಡ ತಂದೆ." ಅತ್ತೆ ಈಗ ಅವಳ ಕಡೆ ತಿರುಗಿದರು. "ಅವತ್ತು ನಾನು ಹೇಳ್ದೆ, ನೀನು ಕೇಳ್ಲಿಲ್ಲ. ಈಗ ನೀನು ಹೇಳ್ಲಿಲ್ಲ, ನಾನೇ ಕೇಳ್ಬೇಕಾಯ್ತು. ಕೆಲಸಕ್ಕೆ ಹೇಗೆ ಹೋಗ್ತಿದೀಯ ಹಾಗಾದ್ರೆ?"

ಅವಳು ಅಲ್ಲೇ ನೆಲದ ಮೇಲೆ ಕೂತು ಎರಡು ಹಸುವಿನವಳ ವಿಷಯ ಹೇಳಿದಳು. ಆ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನೂ ಹೇಳಿದಳು. ಸಮಾಧಾನದ ಮಾತು ಬರುತ್ತದೆ ಎಂದು ಮನಸ್ಸು ನಾಚಿಕೆಯಿಲ್ಲದೆ ಕಾಯುತ್ತಿತ್ತು. "ಗಿಡ ಇವತ್ತು ನೆಡೋದು ಬೇಡ" ಎಂದರು ಅತ್ತೆ. "ಪ್ರಯಾಣ ಮಾಡಿ ಬಂದಿವೆ, ಒಂದು ದಿನ ನೆರಳಲ್ಲಿರ್ಲಿ. ನೀನು ನಾಳೆ ಮೊದಲು ಆ ಹೆಂಗಸಿಗೆ ಹೇಳಿ ಬಾ. ಬಂದ್ಮೇಲೆ ನೆಡೋಣ."

ಮರುದಿನ ಮೊದಲ ಗಾಡಿ ಬರುವ ಮುಂಚೆಯೇ ಅವಳು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಲ್ಯಾಬಿನ ಸಾರ್ ಮೊದಲು ತಮಾಷೆ ಅಂದುಕೊಂಡರು. "ಮೂಗಮ್ಮನಿಗೇ ಮೂಗಿಲ್ಲ ಅಂದ್ರೆ ಊರು ನಗುತ್ತೆ ಮೇಡಂ." ಆಮೇಲೆ ಒಂದು ಬಾಟಲಿಯ ಬಿರಡೆ ತೆಗೆದು ಅವಳ ಮುಖಕ್ಕೆ ಹಿಡಿದರು. ಕಣ್ಣು ಉರಿದು ನೀರು ಬಂತು, ಮೂಗಿಗೆ ಏನೂ ಬರಲಿಲ್ಲ. ಅವರ ಮುಖ ಬದಲಾಯಿತು. ಹೋದ ವಾರದ ಟ್ಯಾಂಕಿಗೆ ಅವರೂ ಜವಾಬು ಕೊಡಬೇಕಿತ್ತು. "ಮುಂಚೇನೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಕೂಗಿದರು. ಕೂಗಿದ್ದಕ್ಕೆ ತಾವೇ ನಾಚಿಕೊಂಡು, ಸದ್ಯಕ್ಕೆ ಕ್ಯಾನು ತೊಳೆಯುವ ಕಡೆ ಹೋಗಿ, ಮೇಲಿನವರಿಗೆ ನಾನು ಬರೆಯುತ್ತೇನೆ ಎಂದರು. ರಬ್ಬರ್ ಬೂಟು ಹಾಕಿಕೊಂಡು ಬಿಸಿನೀರಿನ ಪೈಪ್ ಹಿಡಿದು ನಿಂತಾಗ ಅವಳಿಗೆ ವಿಚಿತ್ರವಾಗಿ ಹಗುರವೆನಿಸಿತು. ಆ ಹಗುರದ ಮೇಲೂ ಅನುಮಾನ ಬಂತು. ಇಷ್ಟು ಸುಲಭವಾಗಿ ಕಳಚಿಕೊಳ್ಳುವುದಾದರೆ ಹನ್ನೊಂದು ವಾರ ಹೊತ್ತದ್ದು ಏನು?

ಎರಡು ಹಸುವಿನವಳು ಇವತ್ತು ಎಲ್ಲರಿಗಿಂತ ಮೊದಲೇ ಬಂದಿದ್ದಳು. ಅವಳು ಪೈಪ್ ಕೆಳಗಿಟ್ಟು ಹತ್ತಿರ ಹೋಗಿ, ಯೋಚಿಸಿಟ್ಟುಕೊಂಡ ಮಾತೆಲ್ಲ ಮರೆತು, "ನಿನ್ನೆ ನಿನ್ನ ಹಾಲು ಸರಿ ಇತ್ತೋ ಇಲ್ವೋ ನಂಗೆ ಗೊತ್ತಿಲ್ಲ. ನಂಗೆ ವಾಸನೆ ಬರಲ್ಲ" ಎಂದಳು. ಆ ಹೆಂಗಸಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಅವಳ ಮುಖ ಅರಳಿತು. "ಹಾಗಾದ್ರೆ ನನ್ನ ಮೂಗು ಸರಿ ಇತ್ತು! ಅಯ್ಯೋ ಅಕ್ಕಾ, ನಿನ್ನೆಯಿಂದ ಮನೇಲಿರೋದನ್ನೆಲ್ಲ ಮೂಸಿ ಮೂಸಿ ಇಟ್ಟೆ. ಹಸುಗೆ ಕಾಯಿಲೆ ಅಂತ ದನದ ಡಾಕ್ಟರನ್ನ ಕರೆಸ್ದೆ. ಅವರು ಏನೂ ಇಲ್ಲ ಅಂದ್ರೂ ನಂಬ್ಲಿಲ್ಲ ನೋಡಿ, ನೀವು ಹೇಳಿದ್ರಲ್ಲ ಅಂತ" ಎಂದು ನಕ್ಕಳು, ಪಕ್ಕದವನ ತೋಳು ಹಿಡಿದು, "ಕೇಳಿದ್ಯಾ, ನನ್ನ ಮೂಗು ಸರಿ ಇದೆಯಂತೆ" ಎಂದಳು. ಆಮೇಲೆ ನಗು ನಿಧಾನವಾಗಿ ಇಳಿಯಿತು. "ಎಷ್ಟು ದಿನದಿಂದ ಬರಲ್ಲ?" ಹನ್ನೊಂದು ವಾರ ಎಂದು ಅವಳು ಹೇಳಿದಳು. ಎರಡು ಹಸುವಿನವಳು ತನ್ನ ಕ್ಯಾನಿನ ಹಿಡಿಯನ್ನು ನೋಡುತ್ತ, "ಅಷ್ಟರಲ್ಲಿ ನಂದು ಮೂರು ಸಲ ಚೆಲ್ಸಿದೀರಿ" ಎಂದಳು. ಆ ಹೆಂಗಸು ಕ್ಯಾನು ಎತ್ತಿಕೊಂಡು ಲ್ಯಾಬಿನ ಕಡೆ ತಿರುಗಿ, ಯಾರನ್ನೋ ಕೇಳುವ ಹಾಗೆ, "ಇವತ್ತು ಯಾರು ಮೂಸ್ತಾರೆ ಟೆಸ್ಟರಮ್ಮಾ?" ಎಂದಳು. ಅಕ್ಕ ಎನ್ನುವ ಮಾತು ಅಲ್ಲಿಗೆ ಮುಗಿದಿತ್ತು.

ಬಿಸಿಲು ಇಳಿದ ಮೇಲೆ ಅತ್ತೆ ಸೊಸೆ ಇಬ್ಬರೂ ಅಂಗಳಕ್ಕಿಳಿದರು. ಅವಳು ಗುಂಡಿ ತೋಡುತ್ತ ಬಂದಳು. ಗುದ್ದಲಿಗೆ ಸುಣ್ಣದ ಹೆಂಟೆ ಸಿಕ್ಕಿದಾಗಲೆಲ್ಲ ಅತ್ತೆ ಸದ್ದಿನಲ್ಲೇ ಗುರುತಿಸಿ, "ಅದನ್ನ ಆಚೆ ಹಾಕು" ಎನ್ನುತ್ತಿದ್ದರು. ಗಿಡದಿಂದ ಗಿಡಕ್ಕೆ ತಾವೇ ನೆಲದ ಮೇಲೆ ಮೊಳ ಹಾಕಿ ಅಳೆದರು. ಚೀಲವನ್ನು ಎಳೆಯಬಾರದು, ಅಂಗೈಯಲ್ಲಿ ಒತ್ತಿ ಒತ್ತಿ ಮಣ್ಣಿನ ಮುದ್ದೆ ಒಡೆಯದ ಹಾಗೆ ಬಿಡಿಸಬೇಕು. ಸುಗಂಧರಾಜದ ಗೆಡ್ಡೆಯ ಮೂತಿ ಮೇಲಕ್ಕಿರಬೇಕು. ಕೇಂದ್ರದಲ್ಲಿ ನಡೆದದ್ದನ್ನು ಅವಳು ಹೇಳಿದ್ದಳು, ಅತ್ತೆ, "ಬೈಲಿ ಬಿಡು, ಬೈಯೋದು ಅವಳ ಹಕ್ಕು" ಎಂದಿದ್ದರು. ನಾಳೆ ಮೂಗಿನ ಡಾಕ್ಟರ ಹತ್ತಿರ ಹೋಗಬೇಕು, ರಜೆ ಇಲ್ಲ ಅಂದರೆ ತಾವೇ ಕೇಂದ್ರಕ್ಕೆ ಬಂದು ಕೂರುವುದಾಗಿ ಹೇಳಿದ್ದರು. ಎಲ್ಲ ಸರಿಯಾಗುತ್ತಿದೆ ಎನ್ನುವ ಹಾಗಿತ್ತು ಆ ಸಂಜೆ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಮಲ್ಲಿಗೆಯ ಗುಂಡಿಗೆ ಅತ್ತೆ ಎರಡೂ ಕೈ ಇಳಿಬಿಟ್ಟು ಮಣ್ಣಿನ ಮುದ್ದೆ ಕೂರಿಸುತ್ತಿದ್ದಾಗ ಅವಳು ಗಿಡವನ್ನು ನೆಟ್ಟಗೆ ಹಿಡಿದುಕೊಂಡು, ಅತ್ತೆಯ ಮುಖ ನೋಡದೆ, "ಅತ್ತೆ, ಅವತ್ತು ಕಣ್ಣಿನ ಡಾಕ್ಟರು ಹಾಗೆ ಹೇಳಿರ್ಲಿಲ್ಲ" ಎಂದಳು.

"ಹೇಗೆ?"

"ವಯಸ್ಸಿಗೆ ಆಗೋದು, ಏನು ಮಾಡಿದ್ರೂ ಉಳೀತಿರ್ಲಿಲ್ಲ ಅಂದ್ರು ಅಂತ ನಿಮಗೆ ಹೇಳ್ದೆ. ಅವರು ಹಾಗೆ ಅನ್ಲಿಲ್ಲ. ಎಂಟು ತಿಂಗಳು ಮುಂಚೆ ಬಂದಿದ್ರೆ ಒಂದು ಕಣ್ಣಾದ್ರೂ ಉಳಿಸ್ಬಹುದಿತ್ತು ಅಂದ್ರು."

ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ಬಕೆಟ್ ತುಂಬುವ ಸದ್ದು ಮೊದಲು ಟೊಳ್ಳಾಗಿ, ಆಮೇಲೆ ದಪ್ಪವಾಗಿ, ಕೊನೆಗೆ ಉಕ್ಕಿ ಹರಿಯುವಷ್ಟು ಹೊತ್ತು ಕೇಳುತ್ತಲೇ ಇತ್ತು. ಅತ್ತೆಯ ಕೈಗಳು ಮಣ್ಣಿನೊಳಗೇ ಇದ್ದವು. ಅವಳಿಗೆ ಗೊತ್ತಿತ್ತು, ಇಂಥ ಕಡೆ ದೊಡ್ಡವರು ಏನು ಹೇಳುತ್ತಾರೆ ಎಂದು. ಅದನ್ನೇ ಕೇಳಲು ಅವಳ ಮೈಯೆಲ್ಲ ಕಿವಿಯಾಗಿತ್ತು.

"ನಂಗೆ ಮೊದಲೇ ಗೊತ್ತಿತ್ತು ಅಂದ್ರೆ ನಿಂಗೆ ಸಮಾಧಾನ ಆಗುತ್ತೆ" ಎಂದರು ಅತ್ತೆ. "ಆದ್ರೆ ಗೊತ್ತಿರ್ಲಿಲ್ಲ."

ಅವಳು ಏನೋ ಹೇಳಲು ಹೋದಳು.

"ಗಿಡ ವಾಲ್ತಿದೆ. ನೆಟ್ಟಗೆ ಹಿಡ್ಕೋ."

ಹಿಡಿದುಕೊಂಡಳು. ಅತ್ತೆ ಮಣ್ಣು ಎಳೆದು ಎಳೆದು ಬುಡಕ್ಕೆ ತುಂಬಿದರು, ಹೆಬ್ಬೆರಳಿನಿಂದ ಸುತ್ತಲೂ ಒತ್ತಿದರು, ನೀರು ನಿಲ್ಲಲು ಪಾತಿ ಕಟ್ಟಿದರು. ಅವಳು ಚೊಂಬಿನಿಂದ ನೀರು ಹೊಯ್ದಳು. ನೆಲ ಅದನ್ನು ಗಟಗಟ ಕುಡಿಯಿತು. ಉಳಿದ ಗೆಡ್ಡೆಗಳನ್ನೂ, ಪಾರಿಜಾತವನ್ನೂ, ಕಾಕಡವನ್ನೂ ಇಬ್ಬರೂ ನೆಟ್ಟು ಮುಗಿಸುವಷ್ಟರಲ್ಲಿ ಮಬ್ಬಾಗಿತ್ತು. ಅತ್ತೆ ಅಂಗೈಯ ಮಣ್ಣು ಕೊಡವಿ, ಏಳಲು ಕೈ ಚಾಚಿದರು. ತನ್ನ ಕಡೆಗೇ ಚಾಚಿದ್ದೋ, ಸುಮ್ಮನೆ ಗಾಳಿಗೆ ಚಾಚಿದ್ದೋ. ಅವಳು ಒಂದು ಕ್ಷಣ ತಡೆದು, ಕೆಸರಾಗಿದ್ದ ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡು, ಹಿಡಿದುಕೊಂಡಳು. ಎದ್ದು ನಿಂತ ಮೇಲೂ ಅತ್ತೆ ಕೈ ಬಿಡಲಿಲ್ಲ. ಮನೆ ಇನ್ನೂ ಏಳೆಂಟು ಹೆಜ್ಜೆ ದೂರವಿತ್ತು. ಬಿಡದೆ ಇದ್ದದ್ದು ಅದಕ್ಕೋ ಬೇರೆ ಯಾತಕ್ಕೋ ಅವಳಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಹೊಸ ಪಾತಿಗಳನ್ನು ಬಳಸಿಕೊಂಡು, ಯಾವುದನ್ನೂ ತುಳಿಯದ ಹಾಗೆ, ನಿಧಾನವಾಗಿ ನಡೆಸಿಕೊಂಡು ಬಂದಳು.

"ಮೆಟ್ಟಿಲು ಬಂತು" ಎಂದಳು.

"ಗೊತ್ತು" ಎಂದರು ಅತ್ತೆ, ಕಾಲೆತ್ತಿ ಇಟ್ಟರು.